ಅಕ್ಕಿ ಡ್ರಮ್ಮಿನಲ್ಲಿ ಫೈಕಸ್ ಮರ

ನಿಂತ ಮೆಷೀನನ್ನು ಓಡಿಸುವುದರಲ್ಲಿ ಹೊಸೂರಿನ ನಮ್ಮ ಫ್ಯಾಕ್ಟರಿಯಲ್ಲಿ ನನ್ನನ್ನು ಬಿಟ್ಟರಿಲ್ಲ! ಸ್ಪ್ಯಾನರ್ ಹಿಡಿದು ಹತ್ತಿರ ಹೋಗಿ ನಾನೊಮ್ಮೆ ಕೆಮ್ಮಿದರೆ ಸಾಕು, ಅರ್ಧ ಮೆಷೀನುಗಳು ಭಯಕ್ಕೇ ಓಡುತ್ತವೆ. ಹೊಸದಾಗಿ ಸೇರಿದವರಿಗೆ ನನ್ನ ಮೊದಲ ಪಾಠ: "ಬಿಚ್ಚೋಕ್ ಮುಂಚೆ ಕರೆಂಟ್ ಬತ್ತೈತಾ ನೋಡ್ರಲಾ!"

ಇಂಥ ನನ್ನ ಮುಂದೆ ಕುಂಡದಲ್ಲಿರುವ ಒಂದು ಅಲಂಕಾರದ ಮರ ಎಲೆ ಉದುರಿಸುವುದೆಂದರೇನು?

ಜೂಜುವಾಡಿಯ ನಮ್ಮ ಮನೆಯ ಹಿತ್ತಿಲ ಜಗಲಿಯಲ್ಲಿ ಆ ಫೈಕಸ್ ಮರವನ್ನು ಸಾಕಿದವಳು ನನ್ನ ಹೆಂಡತಿ ನಾಗವೇಣಿ. ರಾಯಕೋಟೆಯಲ್ಲಿ ನಮ್ಮತ್ತೆ ಬಚ್ಚಲಲ್ಲಿ ಜಾರಿ ಕಾಲು ಮುರಿದುಕೊಂಡರೆಂದು ಅವಳು ಆರೈಕೆಗೆ ಹೊರಟಳು. ಬಸ್ಸು ಹತ್ತುವಾಗ ಕೇಳಿದಳು, "ಒಬ್ರೇ ಇರ್ತೀರಾ? ಊಟಕ್ಕೇನ್ ಮಾಡ್ತೀರಾ?"

"ಅನ್ನ ಸಾರು ನಂಗೊಂದ್ ಲೆಕ್ಕಾನಾ!" ಎಂದು ಮೀಸೆ ತಿರುವಿದೆ.

ನಮ್ಮ ಮನೆ ಅಷ್ಟು ದೊಡ್ಡದೆಂದು ಗೊತ್ತಾದದ್ದು ಅವತ್ತೇ. ಒಬ್ಬನಿಗಾಗಿ ಸ್ಟೌವ್ ಹಚ್ಚಲು ಮನಸ್ಸೇ ಬರಲಿಲ್ಲ. ಮಧ್ಯಾಹ್ನ ಕ್ಯಾಂಟೀನು, ಸಂಜೆ ಲಾರಿಯವರ ಜೊತೆ ಪರೋಟ ಅಂಗಡಿ. ಫೋನಿನಲ್ಲಿ ಮಾತ್ರ ದಿನವೂ ಬಿಸಿಬಿಸಿ ಅನ್ನ, ಹುರುಳಿಕಾಳು ಸಾರು! ಮನೆಯಲ್ಲಿ ಮಾತಿಗೆ ಉಳಿದವರು ಫ್ರಿಜ್ಜು ಮತ್ತು ಈ ಮರ. ಫ್ರಿಜ್ಜಾದರೂ ಆಗಾಗ ಗುಂಯ್ ಎನ್ನುತ್ತಿತ್ತು. ಮರ ಎಲೆ ಉದುರಿಸತೊಡಗಿತು.

ಶುರುವಾಯಿತು ದುರಸ್ತಿ! ನೆರಳು ಹೆಚ್ಚಾಯಿತೆಂದು ಬಿಸಿಲಿಗೆ ಎಳೆದೆ, ಇನ್ನಷ್ಟು ಉದುರಿತು. ಬಿಸಿಲು ಹೆಚ್ಚಾಯಿತೆಂದು ನೆರಳಿಗೆ ಎಳೆದೆ. ನನ್ನ ಸೊಂಟ ಹಿಡಿಯಿತು. ಪಕ್ಕದ ಮನೆಯ ಚೆಲುವಮ್ಮ ಬಂದು, "ದೃಷ್ಟಿ ಆಗೈತೆ ಕಣಪ್ಪಾ," ಎಂದು ಮೆಣಸಿನಕಾಯಿ ನಿವಾಳಿಸಿ ಸ್ಟೌವ್ ಮೇಲೆ ಸುಟ್ಟರು. ನಾಗವೇಣಿ ಹೋದ ಮೇಲೆ ನಮ್ಮ ಸ್ಟೌವ್ ಹತ್ತಿದ್ದು ಅದೊಂದೇ ಸಲ! ಕೆಮ್ಮಿ ಕೆಮ್ಮಿ ಕಣ್ಣಲ್ಲಿ ನೀರು ಬಂದರೂ, ಮನೆಯಲ್ಲೊಂದು ಮನುಷ್ಯರ ದನಿ ಕೇಳಿತಲ್ಲ ಎಂಬ ಸಂತೋಷಕ್ಕೆ, "ನಾಳೇನೂ ಬಂದು ತೆಗೀರಿ ಚೆಲುವಮ್ಮಾ," ಎಂದೆ.

ಕೊನೆಗೆ ಕುಂಡದ ತೂತು ಕಟ್ಟಿಕೊಂಡು ಬೇರು ಕೊಳೆಯುತ್ತಿದೆ ಎಂದು ತೀರ್ಪು ಕೊಟ್ಟು, ಡ್ರಿಲ್ಲಿಂಗ್ ಮೆಷೀನು ಹಿಡಿದೆ. ಗುರ್ರ್! ಕುಂಡ ಎರಡು ಹೋಳು! ಕೊಳೆತ ಬೇರು ಕಾಣಲಿಲ್ಲ, ಧೂಳು ಮಾತ್ರ ಎದ್ದಿತು. ನೆಲಕ್ಕೆ ಬಿದ್ದ ಮರಕ್ಕೆ ಹೊಂದುವಂಥದ್ದು ಮನೆಯಲ್ಲಿದ್ದದ್ದು ಅಕ್ಕಿಯ ಪ್ಲಾಸ್ಟಿಕ್ ಡ್ರಮ್ಮು ಒಂದೇ. ಅಕ್ಕಿಯನ್ನು ಚೀಲಕ್ಕೆ ಸುರಿದು ಮರವನ್ನು ಡ್ರಮ್ಮಿನಲ್ಲಿ ನಿಲ್ಲಿಸಿದೆ. ಅಷ್ಟರಲ್ಲಿ ನಾಗವೇಣಿಯ ವಿಡಿಯೋ ಕಾಲ್!

"ಅಯ್ಯೋ, ಅದು ಅಕ್ಕಿ ಡ್ರಮ್ಮಲ್ವಾ? ಅಕ್ಕಿ ಎಲ್ಲಾ ಚೆಲ್ಬುಟ್ರಾ?"

"ಒಂದ್ ಕಾಳೂ ಚೆಲ್ಲಿಲ್ಲ ಕಣೆ! ನೀನು ಹೋಗೋವಾಗ ಬಾಯಿಮಟ್ಟ ತುಂಬಿಸಿದ್ದು ಹಂಗೇ ಚೀಲದಾಗೈತೆ!"

ಹೇಳಿದ ಮೇಲೆ ನಾಲಿಗೆ ಕಚ್ಚಿಕೊಂಡೆ.

"ಹಂಗಾರೆ ದಿನಾ ಅನ್ನ ಮಾಡ್ಕೊಂಡೆ ಅಂದಿದ್ದು?"

ನಾನು ಮರದ ಕಡೆ ನೋಡಿದೆ. ಅದು ಇನ್ನೊಂದು ಎಲೆ ಉದುರಿಸಿತು.

"ಗಿಡಕ್ಕೆ ನೀರ್ ಹಾಕಿದ್ರಾ?"

"ನೀನು ಅದಕ್ಕೆ ನೀರು ಹಾಕಿದ್ದು ನಾನು ಯಾವತ್ತೂ ನೋಡಿಲ್ವಲ್ಲ!"

"ಎರಡು ಹೊತ್ತೂ ಅಕ್ಕಿ ತೊಳೆದ ನೀರು ಅದಕ್ಕೇ ಕಣ್ರೀ ಸುರೀತಿದ್ದಿದ್ದು! ಮನೇಲಿ ಅಕ್ಕಿ ತೊಳುದ್ರೆ ತಾನೆ ಅದಕ್ಕೆ ನೀರು?"

ಕರೆಂಟ್ ನೋಡದೆ ಮೆಷೀನು ಬಿಚ್ಚಿದ ಮೇಧಾವಿ ನಾನೇ!

"ಅಮ್ಮನ್ನ ತಂಗಿ ನೋಡ್ಕೊತಾಳೆ, ನಾಳೆ ಬತ್ತೀನಿ," ಎಂದಳು.

"ಒಂದು ಗಿಡಕ್ಕೋಸ್ಕರ ಯಾಕೆ ಬತ್ತೀಯ?" ಎಂದೆ, ಗತ್ತು ಬಿಡದೆ.

"ಗಿಡಕ್ಕೆ ಬಾಯಿಲ್ಲ, ಪಾಪ, ಎಲೆ ಉದುರ್ಸಿ ಹೇಳ್ತು. ನಿಮಗೆ ಬಾಯಿತ್ತಲ್ಲ, ಒಬ್ನೇ ಇರೋಕಾಗ್ತಿಲ್ಲ ಅನ್ನೋಕೆ ಏನಾಗಿತ್ತು?"

ಫೋನಿಟ್ಟು ಎರಡು ಲೋಟ ಅಕ್ಕಿ ತೊಳೆದೆ. ನೀರು ಮರಕ್ಕೆ ಸೇರಿತು. ಅನ್ನ ಸೀದು ತಳ ಹಿಡಿಯಿತು!