ಅಪ್ಪ ನೀರಿಗೆ, ಮಗಳು ಇಂಟರ್ವ್ಯೂಗೆ

ನಿವೃತ್ತಿಯಾದ ಮೇಲೆ ಮನುಷ್ಯನಿಗೆ ಹೊಸದೇನೂ ಆಗುವುದಿಲ್ಲ ಅಂತ ನಾನು ನಂಬಿಕೊಂಡಿದ್ದೆ. ಆಗುತ್ತಲೇ ಇರುತ್ತದೆ ಸ್ವಾಮಿ, ಅದೂ ಕುತ್ತಿಗೆ ಮಟ್ಟದ ನೀರಿನಲ್ಲಿ. ಸಾಗರದ ಕಾಲೇಜೊಂದರಲ್ಲಿ ಇತಿಹಾಸ ಪಾಠ ಮಾಡಿಕೊಂಡಿದ್ದವನು ನಾನು. ಎಂತೆಂಥ ಯುದ್ಧಗಳನ್ನು ಬೋರ್ಡಿನ ಮೇಲೆ ಗೆದ್ದಿದ್ದೇನೆ! ಆದರೆ ನೀರು ಕಂಡರೆ ಮಾತ್ರ ಕೈಕಾಲು ತಣ್ಣಗಾಗುತ್ತದೆ. ಇದು ಆ ಹೆದರಿಕೆಯ ಕತೆ, ಜೊತೆಗೆ ನನ್ನ ಮಗಳ ಹೆದರಿಕೆಯದ್ದೂ ಹೌದು.

ಒಪ್ಪಂದ

ಮಗಳು ಎಂ.ಎಸ್ಸಿ. ಮುಗಿಸಿ ಕೆಲಸ ಹುಡುಕುತ್ತಿದ್ದಳು. ವಿಷಯವೆಲ್ಲ ಚೆನ್ನಾಗಿ ಗೊತ್ತು. ಆದರೆ ಇಂಟರ್ವ್ಯೂ ಕೋಣೆಗೆ ಕಾಲಿಟ್ಟರೆ ತನ್ನ ಹೆಸರನ್ನೇ ಯೋಚನೆ ಮಾಡಿ ಹೇಳುವ ಹಾಗಾಗುತ್ತಿತ್ತು. ಒಂದು ದಿನ ಶಿವಮೊಗ್ಗದಿಂದ ಬಂದವಳು ಚಪ್ಪಲಿ ಬಿಡುತ್ತಲೇ, ಇನ್ನು ಎಲ್ಲಿಗೂ ಹೋಗುವುದಿಲ್ಲ ಎಂದಳು. ನಾನು ಧೈರ್ಯದ ಬಗ್ಗೆ ಪೂರಾ ಒಂದು ಪೀರಿಯಡ್ ತೆಗೆದುಕೊಂಡೆ. ಬೆಲ್ ಹೊಡೆಯುವವರೆಗೆ ಕೇಳಿದಂತೆ ಕೇಳಿ ಅವಳು ಅಂದಳು:

"ಅಪ್ಪ, ಬಸ್ಸು ಕೆರೆ ಏರಿ ಮೇಲೆ ಬಂದ್ರೆ ನೀವು ಎದ್ದು ಆಚೆ ಬದಿ ಸೀಟಿಗೆ ಹೋಗ್ತೀರಿ. ನೀವು ನಂಗೆ ಧೈರ್ಯ ಹೇಳೋದಾ?"

ಮಾತು ನೆಟ್ಟಗೆ ಬಂದು ತಾಗಿತು. ಆ ಬಿಸಿಯಲ್ಲೇ ಹೇಳಿಬಿಟ್ಟೆ: ನೀನು ಇಂಟರ್ವ್ಯೂಗೆ ಹೋದಾಗೆಲ್ಲ ನಾನು ನೀರಿಗಿಳಿಯುತ್ತೇನೆ, ಈಜು ಕಲಿಯುತ್ತೇನೆ. ಯಾರು ಮೊದಲು ಬಿಡುತ್ತಾರೋ ನೋಡೋಣ. ಅವಳು ಒಪ್ಪಿದಳು. ನಾನೇ ಮೊದಲು ಓಡಿಹೋಗುತ್ತೇನೆ ಎಂಬ ಗಟ್ಟಿ ನಂಬಿಕೆ ಅವಳಿಗೆ.

ಅಡುಗೆಮನೆಯಿಂದ ನನ್ನ ಹೆಂಡತಿಯ ದನಿ ಬಂತು: "ಇವಳಿಗೆ ಬೇಗ ಕೆಲ್ಸ ಸಿಗ್ಲಿ ದೇವ್ರೇ. ಇಲ್ದಿದ್ರೆ ಇವ್ರು ಮುಳುಗಿ, ನಂಗೆ ಅರ್ಧ ಪೆನ್ಶನ್ನೇ ಗತಿ."

ಗುರು

ಕಲಿಸಲು ಮುಂದೆ ಬಂದವರು ನಮ್ಮ ಬೀದಿಯವರೇ ಒಬ್ಬರು. ಹೊಸನಗರ ರೂಟಿನ ಪ್ರೈವೇಟ್ ಬಸ್ಸಿನಲ್ಲಿ ಕಂಡಕ್ಟರಾಗಿದ್ದು, ಈಗ ನನ್ನ ಹಾಗೆ ಮನೆಯಲ್ಲಿರುವವರು. ಊರಾಚೆಯ ಕೆರೆಗೆ ಕರೆದೊಯ್ದು, ನನ್ನ ಸೊಂಟಕ್ಕೆ ಹಗ್ಗ ಕಟ್ಟಿ, ಅದರ ಇನ್ನೊಂದು ತುದಿಯನ್ನು ಮರಕ್ಕೆ ಬಿಗಿದರು. ತೇಲಲಿ ಅಂತ ಬೆನ್ನಿಗೆ ಖಾಲಿ ಕ್ಯಾನು. ನಾನು ಮೊದಲ ಮೆಟ್ಟಿಲ ಮೇಲೆ ನಿಂತೆ. ನಿಂತೇ ಇದ್ದೆ.

"ಮುಂದೆ ಹೋಗಿ ಸಾರ್, ಮುಂದೆ ಬೇಕಾದಷ್ಟು ಜಾಗ ಇದೆ. ಬಾಗಿಲಲ್ಲಿ ನಿಲ್ಬೇಡಿ."

ಮೊಣಕಾಲು ಮುಳುಗಿತು, ಸೊಂಟ ಮುಳುಗಿತು. ಎದೆಗೆ ನೀರು ಬಂದಾಗ ಉಸಿರು ಒಳಗೇ ಸಿಕ್ಕಿಕೊಂಡಿತು. ಕಾಲಡಿಯ ಕೆಸರು ಜಾರಿತು. ಕೆರೆಯ ಒಂದು ಪಾಲನ್ನು ಕುಡಿದೆ. ಕತೆ ಮುಗಿಯಿತು ಅಂದುಕೊಳ್ಳುವಷ್ಟರಲ್ಲಿ ಗುರುಗಳು ಹಗ್ಗ ಎಳೆದು ದಡಕ್ಕೆ ಹಾಕಿದರು. ನಾನು ಕೆಮ್ಮುತ್ತಾ, ಬರೀ ಮೇಲೆ ನಿಂತು ಹೇಳಿದರೆ ಆಗದು, ನೀವೂ ಇಳಿದು ನನ್ನನ್ನು ಹಿಡಿದುಕೊಳ್ಳಿ ಎಂದೆ. ಅವರು ಎಲೆಗೆ ಸುಣ್ಣ ಸವರುತ್ತಾ, ತಮಗೆ ಈಜು ಬರುವುದಿಲ್ಲ ಎಂದರು.  ಹಾಗಾದರೆ ಕಲಿಸುವುದು ಹೇಗೆ ಮಾರಾಯರೇ ಎಂದು ಕೇಳಿದೆ.

"ಅಷ್ಟು ವರ್ಷ ರೈಟ್ ರೈಟ್ ಅಂತ ಬಸ್ಸು ಹೊರಡಿಸಿದ್ನಲ್ಲ ಸಾರ್, ನಂಗೆ ಡ್ರೈವಿಂಗ್ ಬರ್ತಿತ್ತಾ?"

ತೀರ್ಥಹಳ್ಳಿಯ ಮಂಡಕ್ಕಿ

ಒಂದು ಇಂಟರ್ವ್ಯೂ ತೀರ್ಥಹಳ್ಳಿಯಲ್ಲಿತ್ತು. ಮಗಳು ಬೆಳ್ಳಗೆ ಸುಣ್ಣದ ಗೋಡೆಯಂಥ ಮುಖ ಮಾಡಿಕೊಂಡು ಒಳಗೆ ಹೋದಳು. ಒಪ್ಪಂದದ ಪ್ರಕಾರ ನಾನು ತುಂಗೆಗೆ ಹೋದೆ. ಹೊಳೆಯ ಮೆಟ್ಟಿಲ ಮೇಲೆ ನಿಂತು ಎಲ್ಲರಂತೆ ಮೀನುಗಳಿಗೆ ಮಂಡಕ್ಕಿ ಹಾಕಿ ಪುಣ್ಯ ಕಟ್ಟಿಕೊಂಡೆ. ಧೈರ್ಯ ಬರಲಿ ಅಂತ ಸ್ವಲ್ಪ ಹೊತ್ತು ಜಾಸ್ತಿಯೇ ಹಾಕಿದೆ. ಉಳಿದದ್ದನ್ನು ಚಡ್ಡಿಯ ಕಿಸೆಗೆ ಸುರಿದುಕೊಂಡು, ಕಣ್ಣು ಮುಚ್ಚಿ ಸೊಂಟಮಟ್ಟ ಇಳಿದೆ.

ಮೊದಲು ತೊಡೆಗೆ ಏನೋ ತಾಗಿತು. ಆಮೇಲೆ ಇನ್ನೊಂದು. ಕಣ್ಣು ಬಿಟ್ಟು ನೋಡಿದರೆ ಮೊಳದುದ್ದದ ಕರಿ ಬೆನ್ನುಗಳು ಸುತ್ತಲೂ ಕುದಿಯುತ್ತಿವೆ, ಕಿಸೆಯೊಳಗೆ ಯಾರೋ ಮೂತಿ ತೂರಿಸುತ್ತಿದ್ದಾರೆ. ಕೂಗಿದೆನೋ ಇಲ್ಲವೋ ನೆನಪಿಲ್ಲ. ಮೈಮೇಲೆ ಎಚ್ಚರ ಬಂದಾಗ ಮೇಲಿನ ಮೆಟ್ಟಿಲ ಮೇಲಿದ್ದೆ. ಬಟ್ಟೆ ಒಗೆಯುತ್ತಿದ್ದ ಹೆಂಗಸು ಕೈ ನಿಲ್ಲಿಸಿ ನನ್ನ ಕಿಸೆಯನ್ನೇ ನೋಡಿದಳು.

"ಎಲ್ರೂ ದಡದಿಂದ ಹಾಕ್ತಾರೆ. ನೀವೆಂತ ಮಾರಾಯ್ರೆ, ಮನೆಗೇ ಊಟಕ್ಕೆ ಕರೆದದ್ದು?"

ಹೊಸನಗರದ ಬಸ್ಸು

ತೀರ್ಥಹಳ್ಳಿಯ ಕೆಲಸ ಬೇರೆಯವರಿಗಾಯಿತು. ಮುಂದಿನದ್ದು ಹೊಸನಗರದ ಕಾಲೇಜು. ನಾನು ಬೆಳಿಗ್ಗೆಯೇ ಕೆರೆಗೆ ಬಿದ್ದು, ಅಲ್ಲಿಂದ ನೇರ ಬಸ್‌ಸ್ಟ್ಯಾಂಡಿಗೆ ಓಡಿದೆ. ಬಸ್ಸು ಬರುತ್ತಲೇ ಜನ ಮುತ್ತಿದರು. ಮಗಳು ನಿಂತು ಹೋದರೆ ದಣಿದುಬಿಡುತ್ತಾಳೆ ಎಂಬ ಆತಂಕದಲ್ಲಿ, ನಮ್ಮ ಕಡೆಯ ಪದ್ಧತಿಯಂತೆ ಕಿಟಕಿಯಿಂದ ಟವೆಲ್ ಎಸೆದು ಸೀಟು ಹಿಡಿದೆ. ಅದು ಆಗಷ್ಟೇ ಮೈ ಒರೆಸಿದ ಟವೆಲ್ ಅನ್ನುವುದು ಲಕ್ಷ್ಯಕ್ಕೆ ಬರಲಿಲ್ಲ. ಅವಳೂ ಉತ್ತರ ಗಟ್ಟು ಹೊಡೆಯುತ್ತಾ ಅದರ ಮೇಲೇ ಕೂತಳು.

ಇಂಟರ್ವ್ಯೂನಲ್ಲಿ ಕುಳಿತುಕೊಳ್ಳಿ ಎಂದರೆ, ಒದ್ದೆ ಸೀರೆಯಲ್ಲಿ ಅವರ ಮೆತ್ತನೆ ಕುರ್ಚಿಗೆ ಕೂರುವುದು ಹೇಗೆ? ನಿಂತೇ ಉತ್ತರಿಸಿದಳಂತೆ. ಹಿರಿಯರೊಬ್ಬರು, ಇಂಥ ವಿನಯ ಈ ಕಾಲದಲ್ಲಿ ಅಪರೂಪ ಎಂದು ಹೊಗಳಿ, ಕೆಲಸವನ್ನು ಕೂತು ಉತ್ತರಿಸಿದವರಿಗೆ ಕೊಟ್ಟರು.

ಮನೆಗೆ ಬಂದು ನನ್ನ ಮುಂದೆ ನಿಂತು ಹೇಳಿದಳು: "ಈಜೋದು ನೀವು, ಮುಳುಗೋದು ನಾನು."

ಬೆಂಚು

ಇನ್ನೊಂದು ಇಂಟರ್ವ್ಯೂ ಇತ್ತು, ಮಣ್ಣು ಪರೀಕ್ಷೆ ಮಾಡುವ ಲ್ಯಾಬಿನದ್ದು. ಇದಾಗದಿದ್ದರೆ ಇನ್ನು ಕೇಳಬೇಡಿ ಎಂದು ಮಗಳು ತಣ್ಣಗೆ ಹೇಳಿದಳು. ಆ ತಣ್ಣಗಿನ ದನಿಗೆ ನಾನು ಯಾವ ಕೆರೆಗಿಂತಲೂ ಹೆಚ್ಚು ಹೆದರಿದೆ.

ಲ್ಯಾಪ್‌ಟಾಪಿನಲ್ಲಿ ಮಾತುಕತೆ. ಅವಳು ಜಗುಲಿಯಲ್ಲಿ ಕೂತಳು. ಮಳೆಗೆ ಕೆರೆ ಕೋಡಿ ಬಿದ್ದಿದ್ದರಿಂದ ಗುರುಗಳು ರೂಟ್ ಕ್ಯಾನ್ಸಲ್ ಮಾಡಿ, ಬೆಂಚಿನ ಮೇಲೆ ಅಭ್ಯಾಸ ಮಾಡಿ ಎಂದಿದ್ದರು. ಒಪ್ಪಂದ ತಪ್ಪಬಾರದಲ್ಲ. ನಡುಮನೆಯ ಬೆಂಚಿನ ಮೇಲೆ ಚಡ್ಡಿಯಲ್ಲಿ ಬೋರಲು ಮಲಗಿ, ಕಣ್ಣು ಮುಚ್ಚಿ, ಮಗಳಿಗೆ ಒಳ್ಳೆಯದಾಗಲಿ ಎಂದುಕೊಳ್ಳುತ್ತಾ ಕೈಕಾಲು ಬಡಿಯತೊಡಗಿದೆ. ಜಗುಲಿಗೆ ಬೆಳಕು ಸಾಲದು ಅಂತ ಹೆಂಡತಿ ಮೆಲ್ಲನೆ ನಡುವಿನ ಪರದೆ ಸರಿಸಿದ್ದು ನನಗೆ ತಿಳಿಯಲೇ ಇಲ್ಲ.

ಸ್ಕ್ರೀನಿನ ಮೇಲೆ ತನ್ನ ಭುಜದ ಹಿಂದೆ ನಾನು ಈಜುತ್ತಿರುವುದನ್ನು ಮಗಳು ನೋಡಿದಳು. ಆ ಕಡೆ ಇದ್ದವರೂ ನೋಡಿದರು. ಹಿಂದೆ ಯಾರಿಗೋ ಹುಷಾರಿಲ್ಲವೇ ಎಂದು ಒಬ್ಬರು ಕೇಳಿದರಂತೆ. "ಹುಷಾರಾಗಿದ್ದಾರೆ ಸರ್, ನಮ್ಮ ತಂದೆ. ನಾನು ಇಂಟರ್ವ್ಯೂಗೆ ಹೆದರ್ತೀನಿ ಅಂತ ಅವರು ಈಜು ಕಲೀತಿದ್ದಾರೆ," ಎಂದಳಂತೆ. ಮಾನ ಅಷ್ಟು ಹೋದ ಮೇಲೆ ಇನ್ನು ಹೆದರಲು ಏನೂ ಉಳಿದಿರಲಿಲ್ಲ. ಆಮೇಲೆ ಕೇಳಿದ್ದಕ್ಕೆಲ್ಲ ನಲ್ಲಿ ತಿರುಗಿಸಿದ ಹಾಗೆ ಉತ್ತರ ಕೊಟ್ಟೆ ಎಂದು ಅವಳೇ ಹೇಳಿದಳು.

ಅದಾದ ಮೇಲಿನ ದಿನಗಳಲ್ಲಿ ನನಗೆ ಊಟ ಸೇರಲಿಲ್ಲ. ನನ್ನ ಕೈಕಾಲೇ ಅವಳ ಕೆಲಸ ಕಳೆದವು ಎಂಬ ಭಯ. ಒಂದು ಮಧ್ಯಾಹ್ನ ಫೋನ್ ಬಂತು. ಮಗಳು ಸ್ಪೀಕರ್ ಹಾಕಿದಳು. ಕೆಲಸ ನಿಮಗೇ, ಸೋಮವಾರ ಬನ್ನಿ ಎಂದರು. ಹೆಂಡತಿ ಕಣ್ಣೊರೆಸಿಕೊಂಡಳು. ನಾನು ಅಲುಗಾಡದೆ ಉಸಿರು ಹಿಡಿದಿದ್ದೆ. ಆಮೇಲೆ ಆ ಕಡೆಯವರು ತುಸು ಸಂಕೋಚದಿಂದ ಕೇಳಿದರು:

"ಅಂದ ಹಾಗೆ, ಅವತ್ತಿಂದ ಕೇಳ್ಬೇಕು ಅಂತಿದ್ದೆ. ನಿಮ್ಮ ತಂದೆ ದಡ ಸೇರಿದ್ರಾ?"

ಮಗಳು ತಿರುಗಿ ನನ್ನನ್ನು ನೋಡಿದಳು.

"ಅವತ್ತು ಇಲ್ಲ ಸರ್, ಈಗ ನಿಮ್ಮ ಫೋನ್ ಬಂದ ಮೇಲೆ ದಡ ಹತ್ತಿದ್ರು."