ಕೃಷಿಹೊಂಡದಲ್ಲಿ ಊದಿದ ಸೀಟಿ

ಸಮುದ್ರವನ್ನು ನಂಬಬಾರದು, ಸಮುದ್ರದ ಸಾಮಾನು ಮಾರುವವನನ್ನಂತೂ ನಂಬಲೇಬಾರದು! ಬಣಕಲ್ಲಿನ ಕಾಫಿ ಬೆಳೆಗಾರ ಶಶಿಕಿರಣರು ಅಡುಗೆಮನೆಯ ಬಾಗಿಲಲ್ಲಿ ನಿಂತು ಹೀಗೆ ಘೋಷಿಸಿದರು. ಗೆಳೆಯ ಜಯಪ್ರಕಾಶ್ ಮಲ್ಪೆಯ ಕಡಲಲ್ಲಿ ಕಯಾಕ್ ನಡೆಸಲು ಕರೆದಿದ್ದ. ಅಭ್ಯಾಸಕ್ಕೆಂದು ಆ ಕಿರುದೋಣಿಯನ್ನೂ ಕಳಿಸಿದ್ದ. ಮಗುಚಿದರೆ ಮತ್ತೆ ತಾನೇ ಹತ್ತಿ ಕೂರಲು ಬರಬೇಕು, ಅಷ್ಟೇ ಷರತ್ತು.

"ನನ್ನನ್ನ ನಾನೇ ಕಾಪಾಡ್ಕೊಳ್ತೀನಿ. ಇನ್ನೊಬ್ಬರನ್ನ ನಂಬಿ ಬದುಕಿದವನಲ್ಲ ನಾನು."

ಹೆಂಡತಿ ಪ್ರೇಮಲತಾ ಒಗ್ಗರಣೆಯಿಂದ ಕಣ್ಣೆತ್ತಲಿಲ್ಲ. ಮೊದಲು ತೋಟದ ಕೃಷಿಹೊಂಡದಲ್ಲಿ ಮಗುಚಿ, ಎದ್ದು ತೋರಿಸಿ, ಆಮೇಲೆ ಮಲ್ಪೆಯ ಮಾತು ಎಂದುಬಿಟ್ಟರು.

ನಂಬದಿರುವುದು ಶಶಿಕಿರಣರ ಜಾಯಮಾನ. ಮೇಸ್ತ್ರಿ ಗಿಡ್ಡಪ್ಪ ಸಂಜೆ ಕೆಲಸ ಬಿಡುವ ಸೀಟಿಯನ್ನು ಬೇಗ ಊದುತ್ತಾನೆಂದು ಗುಮಾನಿ ಬಂದು, ಆ ಹಿತ್ತಾಳೆ ಸೀಟಿಯನ್ನೇ ಕಿತ್ತುಕೊಂಡು ಜೇಬಿಗಿಳಿಸಿದ್ದರು. ಅಂದಿನಿಂದ ಅವರು ಊದದೆ ಯಾರೂ ಗಿಡ ಬಿಟ್ಟು ಕದಲುವಂತಿಲ್ಲ.

ಇಂಥವರು ಜೀವರಕ್ಷಕ ಸಾಮಾನು ಆರಿಸಿದರೆ ಹೇಗಿರಬೇಡ! ಲೈಫ್ ಜಾಕೆಟ್ಟಿನೊಳಗೆ ಹಳೇ ಚಿಂದಿ ತುಂಬಿದ್ದಾರೇನೋ ಎಂದು ಕತ್ತಿಯಿಂದ ಹೊಲಿಗೆ ಬಿಚ್ಚಿ ನೋಡಿದರು. ಚಿಂದಿ ಇರಲಿಲ್ಲ. ಗೋಣಿಚೀಲ ಹೊಲಿಯುವ ದಬ್ಬಳದಿಂದ ಮತ್ತೆ ಹೊಲಿದರು. ಮಗುಚಿದಾಗ ಹುಟ್ಟಿನ ತುದಿಗೆ ಸಿಕ್ಕಿಸಿ, ಅದರ ಆಸರೆಯಲ್ಲಿ ದೋಣಿ ಹತ್ತುವುದಕ್ಕೆಂದು ಒಂದು ಗಾಳಿಚೀಲವಿತ್ತು. ಅದು ಭಾರ ತಡೆಯುತ್ತದೋ ಇಲ್ಲವೋ ಎಂದು ಊದಿ, ಜಗಲಿಯ ಮೇಲಿಟ್ಟು, ಅದರ ಮೇಲೆ ಕುಳಿತು ಪೇಪರ್ ಓದಿದರು. ಜಾಕೆಟ್ಟಿಗೆ ಕಟ್ಟಿದ್ದ ಸೀಟಿ ಪ್ಲಾಸ್ಟಿಕ್ಕಿನದು. ಅದನ್ನು ಬಿಸಾಡಿ, ತೋಟದ ಮೂಲೆ ಮೂಲೆಗೂ ಕೇಳುವುದೆಂದು ಖಾತ್ರಿಯಿದ್ದ ಹಿತ್ತಾಳೆ ಸೀಟಿಯನ್ನೇ ಕಟ್ಟಿದರು.

ಮಧ್ಯಾಹ್ನದ ಊಟವಾದ ಮೇಲೆ, ಯಾರ ಸಹಾಯವೂ ಬೇಡವೆಂದು ಒಬ್ಬರೇ ಹೊಂಡಕ್ಕಿಳಿದರು. ಮಗುಚುವ ಪ್ರಯತ್ನವೇ ಬೇಕಾಗಲಿಲ್ಲ. ದೋಣಿ ತಾನಾಗಿ ಮಗುಚಿತು. ಗಾಳಿಚೀಲ ಜಗಲಿಯಲ್ಲೇ ಅರ್ಧ ಪ್ರಾಣ ಬಿಟ್ಟಿತ್ತು, ಉಳಿದರ್ಧವನ್ನು ಈಗ ಬಿಟ್ಟಿತು. ಜಾಕೆಟ್ಟಿನ ದಬ್ಬಳದ ಹೊಲಿಗೆ ಬಿಚ್ಚಿ, ಒಳಗಿದ್ದ ಫೋಮು ಹೊರಬಂದು ಬೇರೆ ದಿಕ್ಕಿಗೆ ತೇಲಿತು. ದಡ ಹತ್ತೋಣವೆಂದರೆ ಹೊಂಡಕ್ಕೆ ಹೊದಿಸಿದ ಪ್ಲಾಸ್ಟಿಕ್ ಹಾಳೆಯ ಮೇಲೆ ಕಾಲು ನಿಲ್ಲದು. ಶಶಿಕಿರಣರಿಗೆ ನಿಜವಾಗಿ ಭಯವಾಯಿತು. ಮಗುಚಿದ ದೋಣಿಯನ್ನು ತಬ್ಬಿಕೊಂಡು, ಇದ್ದ ಉಸಿರನ್ನೆಲ್ಲ ಸೀಟಿಗೆ ಸುರಿದರು.

ಸೀಟಿ ನಂಬಿಕೆ ಕೆಡಿಸಲಿಲ್ಲ. ತೋಟದ ಮೂಲೆ ಮೂಲೆಗೂ ಕೇಳಿಸಿತು. ಅಯ್ಯನವರು ಇಷ್ಟು ಬೇಗ ಬಿಟ್ಟರಲ್ಲ ಎಂದು ಕಾಫಿ ಹಣ್ಣು ಕೊಯ್ಯುತ್ತಿದ್ದವರೆಲ್ಲ ಬುಟ್ಟಿ ಕೆಳಗಿಟ್ಟರು. ಶಶಿಕಿರಣರು ಮತ್ತೆ ಊದಿದರು. ಅವಸರ ಮಾಡುತ್ತಿದ್ದಾರೆಂದು ಆಳುಗಳು ಹೆಜ್ಜೆ ಚುರುಕು ಮಾಡಿದರು. ಮೂರನೆಯ ಸಲ ಊದುವ ಹೊತ್ತಿಗೆ ತೋಟದಲ್ಲಿ ನರಪಿಳ್ಳೆಯಿರಲಿಲ್ಲ.

ಕೊನೆಗೆ ಮೆಣಸು ಕೊಯ್ಯುವ ಏಣಿ ಎಳೆದುಕೊಂಡು ಬಂದವರು ಪ್ರೇಮಲತಾ. ಅದನ್ನು ನೀರಿಗೆ ಇಳಿಬಿಟ್ಟು, ಗಂಡ ನಡುಗುತ್ತ ಮೇಲೆ ಬರುವವರೆಗೆ ಬಿಗಿಹಿಡಿದು ನಿಂತರು.

"ನಿಂಗೆ ಹೇಗೆ ಗೊತ್ತಾಯ್ತು ಮಾರಾಯ್ತಿ?"

"ಹೊತ್ತಿಗೆ ಮುಂಚೆ ಆಳು ಬಿಡೋ ಜಾತಿ ಅಲ್ಲ ನೀವು. ಅದಕ್ಕೇ ಅನುಮಾನ ಬಂತು."

ಮರುದಿನ ಬೆಳಿಗ್ಗೆ ಶಶಿಕಿರಣರು ಸೀಟಿಯನ್ನು ಗಿಡ್ಡಪ್ಪನ ಕೈಗಿತ್ತರು. ಇನ್ನು ಮುಂದೆ ಅವನೇ ಊದಲಿ ಎಂದರು. ಗಿಡ್ಡಪ್ಪ ಅದನ್ನು ತಿರುಗಿಸಿ ನೋಡಿದ. ಒಳಗಿನ್ನೂ ಒದ್ದೆಯಿತ್ತು. ಹೊಂಡದ ಕಥೆ ಆಗಲೇ ಆಳುಗಳಿಗೆಲ್ಲ ಮುಟ್ಟಿತ್ತು. ಅಯ್ಯನವರ ಮುಖವನ್ನೂ ಗುಮಾನಿಯಿಂದ ನೋಡಿದ.

"ಅಯ್ಯಾ, ಇನ್ ಮೇಲೆ ಇದ್ನ ಊದಿದ್ರೆ ನಾವು ಹೋಗ್ಬೇಕೋ, ಬರ್ಬೇಕೋ?"