ಬೀರುವಿನ ಕೆಳಗಿನ ಹುದ್ದೆ

ಮರದ ಗೂಟಕ್ಕೆ ಬಣ್ಣದ ಬಳೆಗಳನ್ನು ಒಂದರ ಮೇಲೊಂದು ಪೋಣಿಸುವ ಆಟಿಕೆಯನ್ನು ಎರಡು ವರ್ಷದ ಮಕ್ಕಳು ಇನ್ನು ಮುಂದೆ ಸೃಜನಶೀಲವಾಗಿಯೇ ಆಡತಕ್ಕದ್ದು ಎಂದು ಇಲಾಖೆಯು ತೀರ್ಮಾನಿಸಿತು. ಹೊಸ ಆಟ ಕಂಡುಹಿಡಿಯಲು ಒಬ್ಬ ಆಟಾಧಿಕಾರಿಯನ್ನು ತಾತ್ಕಾಲಿಕವಾಗಿ ನೇಮಿಸಿತು. ಒಂದಾದರೂ ಹೊಸ ಆಟ ತೋರಿಸಿದರೆ ಕೆಲಸ ಕಾಯಂ, ಇಲ್ಲದಿದ್ದರೆ ಮನೆ. ಪಾಪ, ಮನೆಯಲ್ಲಿ ಹೆಂಡತಿ ಆಗಲೇ “ನಮ್ಮೋರು ಈಗ ಅಧಿಕಾರಿ” ಎಂದು ಬೀದಿಗೆಲ್ಲ ಡಂಗುರ ಸಾರಿಬಿಟ್ಟಿದ್ದಳು.

ಶಿಶುವಿಹಾರದಲ್ಲಿ ಅಧಿಕಾರಿಯ ಪಾಲಿಗೆ ಬಂದವಳು, ಎಲ್ಲರೂ ಮೆಣಸಿನಕಾಯಿ ಎಂದು ಕರೆಯುವ ಎರಡು ವರ್ಷದ ಪೋರಿ. ಅವಳು ಬಳೆಗಳನ್ನು ಕೈಗೆ ಹಾಕಿಕೊಂಡಳು, ನೆಕ್ಕಿದಳು, ಗೊಂಬೆಯ ತಲೆಗೆ ಟೋಪಿ ಮಾಡಿದಳು, ಬಳೆಯ ತೂತಿನಿಂದ ಅಧಿಕಾರಿಯನ್ನು ಇಣುಕಿ ನೋಡಿ ಕಿಸಕ್ಕನೆ ನಕ್ಕಳು.

“ಇವೆಲ್ಲ ಹೊಸ ಆಟ ಅಲ್ವಾ ಸಾರ್?” ಎಂದರು ಟೀಚರಮ್ಮ.

“ಅದು ಹೇಗಾಗುತ್ತೆ ಮೇಡಂ? ಅನುಮತಿ ಇಲ್ದೆ ಆಡಿದ್ದನ್ನ ಆಟ ಅಂತ ಪರಿಗಣಿಸೋಕೆ ಬರಲ್ಲ. ಮೊದಲು ಅರ್ಜಿ ಹೋಗಬೇಕು, ಆಮೇಲೆ ಮಗು ನೆಕ್ಕಬೇಕು.”

ಕೊನೆಗೆ ಒಂದು ಆಟಕ್ಕೆ ಅನುಮತಿ ಸಿಕ್ಕಿತು: ಬಳೆಗಳನ್ನೆಲ್ಲ ಪೋಣಿಸಿ ಮೇಲೆ ಗೊಂಬೆ ಕೂರಿಸುವುದು. ಅದನ್ನು ನೋಡಲು ನಿರ್ದೇಶಕರೇ ಬರುವವರಿದ್ದರು. ಆ ಬೆಳಿಗ್ಗೆ ಅಧಿಕಾರಿ ಇಸ್ತ್ರಿ ಮಾಡಿದ ಅಂಗಿ ತೊಟ್ಟು ಮೆಣಸಿನಕಾಯಿಯ ಮುಂದೆ ಕೂತು “ಪೋಣಿಸಮ್ಮ, ಬಂಗಾರ” ಎಂದರು. ಬಂಗಾರ ಕೆಂಪು ಬಳೆಯನ್ನು ಬೀಸಿ ಎಸೆಯಿತು. ಅದು ಉರುಳುತ್ತಾ ಹೋಗಿ ಬೀರುವಿನ ಕೆಳಗೆ ಸೇರಿತು. ಅಧಿಕಾರಿ ಮಕಾಡೆ ಮಲಗಿ, ತೆವಳಿ ಒಳಗೆ ಹೋದರು. ಹೋದವರು ಅಲ್ಲೇ ಸಿಕ್ಕಿಕೊಂಡರು. ಮೆಣಸಿನಕಾಯಿ ಚಪ್ಪಾಳೆ ತಟ್ಟಿ ಹಸಿರು ಬಳೆಯನ್ನೂ ಎಸೆದಳು. ಅಷ್ಟರಲ್ಲಿ ನಿರ್ದೇಶಕರು ಬಂದರು.

“ಇವರು ಯಾರು?” ಎಂದು ಹೊರಗೆ ಕಾಣುತ್ತಿದ್ದ ಎರಡು ಬೂಟುಗಳನ್ನು ನೋಡಿ ಕೇಳಿದರು.

ಅಧಿಕಾರಿ ಮನಸ್ಸಿನಲ್ಲೇ ಅಂದುಕೊಂಡರು: ಕೆಲಸ ಹೋಯಿತು, ಇನ್ನು ಬೀದಿಯಲ್ಲಿ ತಲೆ ಎತ್ತುವುದು ಹೇಗೆ? ಸದ್ಯಕ್ಕಂತೂ ಬೀರುವಿನ ಕೆಳಗೂ ತಲೆ ಎತ್ತುವಂತಿರಲಿಲ್ಲ.

“ಹೊಸ ಆಟ ಸಾರ್! ಮಗು ಎಸೆಯುತ್ತೆ, ಇಲಾಖೆ ಹುಡುಕುತ್ತೆ!” ಎಂದು ಒಳಗಿಂದಲೇ ಕೂಗಿದರು.

ನಿರ್ದೇಶಕರು ಗದ್ಗದಿತರಾದರು. “ಇಷ್ಟು ದಿನ ಜನ ನಮ್ಮನ್ನ ಹುಡುಕ್ತಿದ್ರು ಕಣ್ರೀ. ನಾವು ಏನನ್ನಾದ್ರೂ ಹುಡುಕಿದ್ದು ಇದೇ ಮೊದಲು.”

ಮರುದಿನವೇ ಪ್ರಕಟಣೆ ಹೊರಬಿತ್ತು: “ಪ್ರತಿ ಶಿಶುವಿಹಾರದಲ್ಲೂ ಒಂದು ಬೀರು ಹಾಗೂ ಅದರ ಕೆಳಗೆ ಒಬ್ಬ ಕಾಯಂ ಅಧಿಕಾರಿ ಇರತಕ್ಕದ್ದು. ಬೀರು ಲಭ್ಯವಿಲ್ಲದ ಕಡೆ ಅಧಿಕಾರಿಯು ಮೊದಲು ಮಲಗತಕ್ಕದ್ದು. ಬೀರು ನಂತರ ಬರುವುದು. ಹೊಟ್ಟೆಯುಳ್ಳ ಅಧಿಕಾರಿಗಳಿಗೆ ಎತ್ತರದ ಕಾಲಿನ ಬೀರು ಒದಗಿಸಲಾಗುವುದು. ಬಳೆ ಬಾರದ ದಿನ ಹುದ್ದೆ ರದ್ದಾಗುವುದು.”

ಅಧಿಕಾರಿ ದಿಂಬು ತೆಗೆದುಕೊಂಡು ಹೋಗಿ ಕೆಲಸಕ್ಕೆ ಹಾಜರಾದರು. ನಮ್ಮೋರು ತಳಮಟ್ಟದಲ್ಲಿ ದುಡೀತಾರೆ ಎಂದು ಹೆಂಡತಿ ಬೀದಿಯಲ್ಲಿ ಬೀಗಿದಳು.

ಎಲ್ಲ ಸುಸೂತ್ರವಾಗಿ ನಡೆಯುತ್ತಿರುವಾಗ ಒಂದು ದಿನ ಅನಾಹುತವಾಯಿತು. ಮೆಣಸಿನಕಾಯಿ ನಾಲಿಗೆ ಕಚ್ಚಿಕೊಂಡು, ಉಸಿರು ಬಿಗಿಹಿಡಿದು, ಬಳೆಗಳನ್ನೆಲ್ಲ ಗೂಟಕ್ಕೆ ಪೋಣಿಸಿ ಮೇಲೆ ಗೊಂಬೆ ಕೂರಿಸಿಬಿಟ್ಟಳು.

“ಅಯ್ಯೋ ಸಾರ್, ಪೋಣಿಸಿಬಿಟ್ಲು!” ಎಂದು ಟೀಚರಮ್ಮ ಕೂಗಿಕೊಂಡರು.

ಬೀರುವಿನ ಕೆಳಗಿಂದ ಧೂಳು ಮೆತ್ತಿದ ತಲೆಯೊಂದು ಹೊರಬಂತು. ಕಣ್ಣಲ್ಲಿ ನೀರಾಡುತ್ತಿತ್ತು.

“ಒಂದೇ ಒಂದು ಎಸಿ ನನ್ನ ತಾಯಿ. ಮಾಮನ ಹೊಟ್ಟೆಪಾಡು ಕಣಮ್ಮ.”

ಮೆಣಸಿನಕಾಯಿ ತನ್ನ ಗೋಪುರವನ್ನು ನೋಡಿದಳು. ಮಾಮನ ಮುಖ ನೋಡಿದಳು. ದೊಡ್ಡವರ ಹಾಗೆ ನಿಟ್ಟುಸಿರು ಬಿಟ್ಟು, ಗೊಂಬೆಯನ್ನು ಪಕ್ಕಕ್ಕಿಟ್ಟು, ಮೇಲಿನ ಬಳೆ ತೆಗೆದು ಮೆಲ್ಲಗೆ ಉರುಳಿಸಿದಳು.

“ಹೋಗು ಮಾಮ,” ಎಂದಳು. “ಆಡು.”

ಮಾಮ ಖುಷಿಯಿಂದ ಒಳಗೆ ತೆವಳಿದರು. ಈಗ ದಿನವೂ ಮೆಣಸಿನಕಾಯಿ ಬಂದ ಕೂಡಲೇ ಮಾಮನಿಗೊಂದು ಬಳೆ ಕೊಟ್ಟು ಸುಮ್ಮನಾಗಿಸಿ, ಆಮೇಲೆ ತನ್ನ ಕೆಲಸ ನೋಡಿಕೊಳ್ಳುತ್ತಾಳೆ.